ನೀರು ಹಿಡಿಯದ ಘಟ

ಘಟವೆಂದರೆ ನೀರು ತರುವುದಕ್ಕೆ ಒದಗುವ ವಸ್ತುವೆಂದು ತರ್ಕಶಾಸ್ತ್ರದ ಮೊದಲ ಪಾಠವನ್ನೋದಿದ ಬಾಲಕನೂ ಹೇಳುವನು. ಮಣ್ಣು ಉಪಾದಾನ; ಕುಂಬಾರನು ನಿಮಿತ್ತ; ಚಕ್ರದಂಡಗಳು ಸಹಕಾರಿಗಳು; ಜಲಾಹರಣವೇ ಪ್ರಯೋಜನ. ಈ ಕಡೆಯದೊಂದನ್ನು ತೊರೆದು ಉಳಿದುದೆಲ್ಲವನ್ನೂ ಇಟ್ಟುಕೊಂಡರೆ ಉಂಟಾಗುವ ವಸ್ತುವನ್ನು ಏನೆಂದು ಕರೆಯಬೇಕು? ಜಪಾನಿನ ಕ್ಯೋತೋ ನಗರದ ಕೆಲವರು ಕುಂಬಾರರು ಈ ಪ್ರಶ್ನೆಯನ್ನು ಬಾಯಿಂದಲ್ಲ, ಕೈಯಿಂದಲೇ ಕೇಳಿದರು.

ದೇಶವು ಯುದ್ಧದಲ್ಲಿ ಸೋತ ಮೂರು ವರ್ಷಗಳ ತರುವಾಯ, 1948ರಲ್ಲಿ, ಯಾಗಿ ಕಾಜುವೊ, ಸುಜುಕಿ ಒಸಾಮು, ಯಾಮಾದಾ ಹಿಕಾರು ಮೊದಲಾದ ತರುಣರು ಸೋದೇಯ್‌ಶಾ ಎಂಬ ಮಂಡಲಿಯನ್ನು ಸ್ಥಾಪಿಸಿದರು. ಚೀನಾದೇಶದ ಪ್ರಾಚೀನ ಪಾತ್ರೆಗಳ ಗಾಜುಲೇಪದಲ್ಲಿ, ಎರೆಹುಳುವು ಕೆಸರಿನಲ್ಲಿ ಹರಿದಂತೆ ಕಾಣುವ ಗೆರೆಗಳುಂಟು; ಈ ಹೆಸರು ಅವುಗಳಿಂದ ಬಂದುದು. ಯಾಗಿಯು ಕುಂಬಾರನ ಮಗನು. ಚಹದ ಬಟ್ಟಲಿಗೂ ಹೂದಾನಿಗೂ ಆ ನಾಡಿನಲ್ಲಿ ಸಲ್ಲುವ ಗೌರವವನ್ನೂ, ಅದರಿಂದ ನಡೆಯುವ ಜೀವನವನ್ನೂ ಬಲ್ಲವನು. ಅವನ್ನು ಪಣವಾಗಿಟ್ಟೇ ಆತನು ಈ ದಾರಿ ಹಿಡಿದನು.

1954ರಲ್ಲಿ ಆತನು ರಚಿಸಿದ ಕೃತಿಯ ಹೆಸರು ‘ಸಾಮ್ಸಾ ಮಹಾಶಯನ ವಾಯುವಿಹಾರ’. ಕಾಫ್ಕನ ಕಥೆಯಲ್ಲಿ ಒಂದು ಮುಂಜಾನೆ ಹುಳುವಾಗಿ ಎಚ್ಚೆತ್ತವನೇ ಈ ಸಾಮ್ಸಾ. ತಿಗರಿಯ ಮೇಲೆ ಎತ್ತಿದ ಬಳೆಯಾಕಾರವನ್ನು ಅಂಚಿನ ಮೇಲೆ ನಿಲ್ಲಿಸಿ, ತಿಗರಿಯಲ್ಲಿಯೇ ಮಾಡಿದ ಸಣ್ಣ ಕೊಳವೆಗಳನ್ನು ಅದಕ್ಕೆ ಅಂಟಿಸಿ ಸುಟ್ಟುದು. ಬಾಯಿಗಳು ಹಲವು, ನೀರು ತುಂಬಿಡುವ ಹೊಟ್ಟೆಯಿಲ್ಲ.

ಉಪಯೋಗವನ್ನು ಬಿಟ್ಟಮೇಲೆ ಶಿಲೆಯಲ್ಲಿ ಕಡೆಯಬಾರದೆ, ಕಂಚಿನಲ್ಲಿ ಎರಕ ಹೊಯ್ಯಬಾರದೆ ಎಂಬ ಆಕ್ಷೇಪವೇಳುವುದು ಸಹಜವೇ. ಆದರೆ ಶಿಲೆಯು ಉಳಿಯ ಕೆಲಸ ಮುಗಿದಾಗ ಮುಗಿಯಿತು. ಮಣ್ಣಿನ ಕೆಲಸ ಕೈ ತೆಗೆದ ಮೇಲೆಯೂ ನಡೆಯುತ್ತಿರುವುದು. ಒಣಗುವಾಗ ಅದು ಕುಗ್ಗುವುದು. ಬೆಂಕಿಯಲ್ಲಿ ಮತ್ತಷ್ಟು ಕುಗ್ಗುವುದು. ದಪ್ಪನಾದ ಮೈಯೊಳಗೆ ತೇವವುಳಿದರೆ ಆವಿಯಾಗಿ ಸಿಡಿಯುವುದು. ಆದುದರಿಂದ ಈ ಪ್ರತಿಮೆಗಳೂ ಸಾಮಾನ್ಯವಾಗಿ ಮಡಕೆಯಂತೆಯೇ ಟೊಳ್ಳು. ಉಪಯೋಗದಿಂದ ಬಿಡುಗಡೆ ಹೊಂದಿದರೂ ಕುಂಬಾರಿಕೆಯ ನಿಯಮದಿಂದ ಅವುಗಳಿಗೆ ಬಿಡುಗಡೆಯಿಲ್ಲ. ಸುಜುಕಿಯು ತನ್ನ ಕೃತಿಗಳನ್ನು ಶಿಲ್ಪವೆನ್ನದೆ ‘ಕೆಸರಿನ ಪ್ರತಿಮೆ’ ಎಂದು ಕರೆದುದರ ಸ್ವಾರಸ್ಯವು ಇಲ್ಲಿದೆ.

ನಷ್ಟವೇನೂ ಇಲ್ಲವೆನ್ನಲಾಗದು. ಬಟ್ಟಲು ಕೈಗೂ ತುಟಿಗೂ ದಿನದಿನವೂ ಬರುವುದು; ಇದು ದೂರದಲ್ಲಿ ನಿಂತು ಕಣ್ಣಿಗೆ ಮಾತ್ರ ದೊರೆಯುವುದು. ಯಾಗಿಯೂ ಇದನ್ನು ಬಲ್ಲವನಾಗಿರಬೇಕು. ಏಕೆಂದರೆ ಆತನು ಬಟ್ಟಲು ಮಾಡುವುದನ್ನು ಬಿಡಲಿಲ್ಲ. ಆತನು 1979ರಲ್ಲಿ ತೀರಿಕೊಂಡನು. ಮಂಡಲಿಯು 1998ರಲ್ಲಿ ವಿಸರ್ಜನೆಗೊಂಡಿತು. ಘಟದ ಲಕ್ಷಣವು ಅದು ತರುವ ನೀರಿನಲ್ಲಿದೆಯೋ, ಅದನ್ನು ಮಾಡಿದ ಮಣ್ಣು ಬೆಂಕಿಗಳಲ್ಲಿದೆಯೋ ಎಂಬ ವಿಚಾರಕ್ಕೆ ಅವರು ಉತ್ತರವನ್ನು ಹೇಳದೆ, ಎರಡು ಪಕ್ಷಗಳನ್ನೂ ಒಂದೇ ಆವಿಗೆಯಲ್ಲಿ ಸುಟ್ಟು ಜನರ ಮುಂದಿಟ್ಟರು.