ನೀರಿಲ್ಲವೆಂಬ ಮಾತಿನಿಂದ ಏನು ಸಿದ್ಧಿಸುತ್ತದೆ?

“ನಗರದಲ್ಲಿ ನೀರಿನ ಅಭಾವವಿದೆ.” ಈ ವಾಕ್ಯವನ್ನು ಕೇಳದೆ ವಿಜಯಪುರದಲ್ಲಿ ಬೇಸಗೆ ಕಳೆದವರು ವಿರಳ. ಕೇಳಿದೊಡನೆ ಮನಸ್ಸು ಮುಂದಕ್ಕೆ ನೆಗೆಯುತ್ತದೆ: ಇದು ಬರದ ಸೀಮೆ, ಮಳೆ ಕಡಿಮೆ, ಆದಕಾರಣ ನೀರಿಲ್ಲ, ಇದಕ್ಕೆ ಮದ್ದೂ ಇಲ್ಲ. ವಾಕ್ಯವು ಹೇಳಿದ್ದು ಅಭಾವವನ್ನು ಮಾತ್ರ. ಉಳಿದುದೆಲ್ಲ ಕೇಳಿದವನ ಕೂಡಿಕೆ. ಜಲನಗರವೆಂಬ ಹೆಸರಿನಿಂದಲೇ ಆ ಬಡಾವಣೆಯಲ್ಲಿ ನೀರು ತುಂಬಿದೆಯೆಂದು ಊಹಿಸುವುದು ಎಷ್ಟು ದುರ್ಬಲವೋ ಇದೂ ಅಷ್ಟೇ. ಕಾರಣವನ್ನು ಮೋಡಕ್ಕೆ ಕಟ್ಟಿದರೆ ಮನುಷ್ಯನು ಮಾಡತಕ್ಕದ್ದೇನೂ ಉಳಿಯುವುದಿಲ್ಲವೆಂಬುದು ಈ ಅನುಮಾನದ ಸೌಕರ್ಯ!

ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕಾದ ಕಬ್ಬಿಣದ ಗುಂಡೇ ಸಾಕ್ಷಿ. ಹೊಗೆಯೇಳಲು ಹಸಿ ಸೌದೆಯೂ ಕೂಡಬೇಕು. ಇದನ್ನು ನೈಯಾಯಿಕರು ಉಪಾಧಿಯೆಂದರು. ಮಳೆ ಕಡಿಮೆಯಾದಲ್ಲೆಲ್ಲ ನೀರಿಗೆ ಅಭಾವವೆಂಬ ವ್ಯಾಪ್ತಿಗೂ ಅಂಥದೊಂದು ಉಪಾಧಿಯುಂಟು: ಬಿದ್ದ ನೀರನ್ನು ಹಿಡಿದಿಡದಿರುವುದು.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ, ನದಿಯಿಲ್ಲದ ಇದೇ ಊರಿನಲ್ಲಿ ಆದಿಲಶಾಹಿಗಳು ರಾಜಧಾನಿಯನ್ನು ಸಾಕಿದರು. ಕುಮಾರವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರ ಕಿವಿಗೆ ಹಳೆಯದಾದ ತೊರವೆಯಿಂದ ನೆಲದೊಳಗೆ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಿಂಡಿಗಳನ್ನಿಟ್ಟು, ನೀರನ್ನು ಪೇಟೆಗೆ ಹರಿಸಿದರು. 1651ರಲ್ಲಿ ಬೇಗಂ ತಲಾಬು ಆಯಿತು. ಅದರಿಂದ ಮಣ್ಣಿನ ಕೊಳವೆಗಳು ನೆಲದಡಿಯಲ್ಲಿ ಸಾಗಿದವು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳು. ನೀರಿನ ಒತ್ತಡವನ್ನು ತಗ್ಗಿಸಿ ಹೂಳನ್ನು ತಳದಲ್ಲಿ ನಿಲ್ಲಿಸುವುದು ಅವುಗಳ ಕೆಲಸ. ಗೋಳಗುಮ್ಮಟದ ಪಿಸುಮಾತಿಗೆ ಬೆರಗಾಗುವ ಪ್ರವಾಸಿಗರು ಈ ಗಂಜುಗಳ ಮುಂದೆ ನಿಲ್ಲದೆ ಹೋಗುವುದೇ ಸೋಜಿಗ. ತಾಜ್ ಬಾವಡಿ, ಚಾಂದ್ ಬಾವಡಿಗಳನ್ನು ಹೇಳುವುದೇ ಬೇಡ.

ಹಾಗೆಂದು ಬಾವಡಿಗಳ ಹೂಳೆತ್ತಿದರೆ ಇಂದಿನ ಬಾಯಾರಿಕೆ ತೀರುವುದೆಂಬುದೂ ಸಿದ್ಧಿಸದು. 2011ರ ಗಣತಿಯಲ್ಲೇ ನಗರವು ಮೂರು ಲಕ್ಷ ಜನರನ್ನು ದಾಟಿತ್ತು. ಕೊಲ್ಹಾರದ ಬಳಿ ಕೃಷ್ಣೆಯಿಂದ ಎತ್ತಿದ ನೀರು ಅದಕ್ಕೆ ಆಧಾರ. ನಗರದಲ್ಲಿ ಅಭಾವವೆಂದೊಡನೆ ಹಳ್ಳಿಯಲ್ಲಿ ಸಮೃದ್ಧಿಯೆಂದು ತಿಳಿಯುವವರು ತಿಕೋಟಾ, ಬಬಲೇಶ್ವರಗಳ ಕಡೆ ನೋಡಬೇಕು. ಆ ಹೊಲಗಳಿಗೂ ತುಬಚಿ–ಬಬಲೇಶ್ವರ ಏತ ನೀರಾವರಿಯು ಅದೇ ಕೃಷ್ಣೆಯನ್ನೇ ಏರಿಸಬೇಕಾಯಿತು.

ನದಿ ಬಂದಿತು, ಇನ್ನು ಬಾವಿ ಬೇಡವೆಂಬುದು ಮತ್ತೊಂದು ಅವಸರದ ನಿಗಮನ. ತೊರವೆಯ ಸುರಂಗವು ಇಳಿಜಾರನ್ನಷ್ಟೇ ಬೇಡಿತ್ತು. ಏತದ ನೀರಿಗೆ ವಿದ್ಯುತ್ತು ಬೇಕು, ಪಂಪು ಬೇಕು, ಒಡೆಯದ ಕೊಳವೆ ಬೇಕು. ಇವುಗಳಲ್ಲೊಂದು ಕೆಟ್ಟ ದಿನ ನಲ್ಲಿಯ ಮುಂದೆ ಕೊಡ ಹಚ್ಚಿ ನಿಂತ ತಾಯಂದಿರಿಗೆ, ಮಳೆ ಕಡಿಮೆಯಾದ್ದರಿಂದ ನೀರಿಲ್ಲವೆಂದು ಹೇಳಿದರೆ ಅವರು ಒಪ್ಪಲಾರರು.