ಮುಚ್ಚುವ ಕೆಲಸ

ನಮ್ಮದು ಮೂರು ಅಂಗಡಿ. ದಾವಣಗೆರೆಯದು ಮೊದಲನೆಯದು, ಆಮೇಲೆ ಶಿವಮೊಗ್ಗ, ಕೊನೆಗೆ ಚಿತ್ರದುರ್ಗ. ಮೂರರಲ್ಲೂ ಒಂದೇ ಸಾಮಾನು: ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಐಸಿ, ಟ್ರಾನ್ಸ್‌ಫಾರ್ಮರ್, ಸೋಲ್ಡರಿಂಗ್ ಐರನ್, ಲೆಡ್ಡು, ಫ್ಲಕ್ಸು. ಟಿವಿ ರಿಪೇರಿಯವರು, ಎಂಜಿನಿಯರಿಂಗ್ ಹುಡುಗರು, ಮನೆಯಲ್ಲಿ ಕೂತು ಏನಾದರೊಂದು ಬಿಚ್ಚಿ ಜೋಡಿಸುವ ಹುಚ್ಚಿನವರು ನಮ್ಮ ಗಿರಾಕಿಗಳು. 2022ರಲ್ಲಿ ಕೊನೆಯ ಶಟರೂ ಇಳಿಯಿತು. ‘ಆನ್‌ಲೈನ್ ಬಂದು ನಿಮ್ಮ ವ್ಯಾಪಾರ ನುಂಗಿಬಿಡ್ತು ಅಲ್ವಾ?’ ಎಂದು ಮದುವೆ ಮನೆಗಳಲ್ಲಿ ಕೇಳುತ್ತಾರೆ. ಹೌದು ಅಂದುಬಿಟ್ಟರೆ ಮಾತು ಮುಗಿಯುತ್ತದೆ, ಊಟಕ್ಕೆ ಏಳಬಹುದು. ನಾನು ಹಾಗೆ ಎಷ್ಟೋ ಸಲ ಎದ್ದಿದ್ದೇನೆ. ನಡೆದದ್ದು ಮಾತ್ರ ಅಷ್ಟು ಸಲೀಸಲ್ಲ. ವ್ಯಾಪಾರ ಹೋದದ್ದು ಒಂದು ಕಷ್ಟ. ಹೋದ ವ್ಯಾಪಾರವನ್ನು ಮುಚ್ಚಲಾಗದೆ ವರ್ಷಗಟ್ಟಲೆ ಬಾಗಿಲು ತೆಗೆದುಕೊಂಡು ಕೂತದ್ದು ಇನ್ನೊಂದು. ಈ ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಅಂಗಡಿ ಹಾಕಿದವರು ನಮ್ಮ ಭಾವ, ಎಂದರೆ ಯಜಮಾನರ ಅಣ್ಣ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಸಣ್ಣ ಊರುಗಳಿಗೂ ಮರುಪ್ರಸಾರ ಕೇಂದ್ರಗಳು ಬಂದವು. ಕಂಪನಿ ಟಿವಿ ಕೊಳ್ಳಲಾಗದವರಿಗೆ ಕಿಟ್ ತಂದು ಕಪ್ಪು ಬಿಳುಪಿನ ಸೆಟ್ ಜೋಡಿಸಿಕೊಡುವವರು ಬೀದಿಗೊಬ್ಬರು ಹುಟ್ಟಿಕೊಂಡರು. ದಾವಣಗೆರೆ ಕಾಟನ್ ಮಿಲ್ಲುಗಳ ಊರು; ಆ ಮಿಲ್ಲುಗಳು ಒಂದೊಂದಾಗಿ ನಿಲ್ಲುತ್ತಾ ಬಂದವು. ಕೆಲಸ ಕಳೆದುಕೊಂಡವರ ಮಕ್ಕಳಲ್ಲಿ ಹಲವರು ಟಿವಿ ರಿಪೇರಿ ಕಲಿತು ನಮ್ಮ ಕೌಂಟರಿಗೆ ಬಂದರು. ಭಾವ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಚೀಲ ತುಂಬಿಕೊಂಡು, ಮತ್ತೆ ರಾತ್ರಿ ಬಸ್ಸಿಗೇ ವಾಪಸಾಗುತ್ತಿದ್ದರು. (ಸದರ್ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಎಷ್ಟೋ ಆಟೊದವರಿಗೇ ಗೊತ್ತಾಗುವುದಿಲ್ಲ.) ಬಿಇಎಲ್ ಟ್ರಾನ್ಸಿಸ್ಟರ್ ಎಂದರೆ ಮೆಕ್ಯಾನಿಕ್‌ಗಳು ಚೌಕಾಸಿ ಮಾಡದೆ ಒಯ್ಯುತ್ತಿದ್ದ ಕಾಲ ಅದು.

ನಾನು ಈ ಮನೆಗೆ ಬಂದದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿಕೊಂಡು. ಲೆಕ್ಕ ಬರೆಯಲೆಂದು ಅಂಗಡಿಗೆ ಹೋಗಿ ಕೂತವಳು ಕ್ರಮೇಣ ಕೌಂಟರಿಗೆ ಬಂದೆ. ‘ಆಂಟಿ, ಅಂಕಲ್ ಇಲ್ವಾ?’ ಎಂದು ಕೇಳುತ್ತಿದ್ದ ಹುಡುಗರಿಗೆ ಐಸಿಯ ಪಿನ್ ನಂಬರ್ ಹೇಳಿಕೊಟ್ಟ ಮೇಲೆ ಆಂಟಿ ಹೋಗಿ ಅಕ್ಕ ಆಯಿತು. ಮಾರ್ಚಿನಿಂದ ಮೇ ತನಕ ಪ್ರಾಜೆಕ್ಟ್ ಸೀಸನ್. ಬಿಐಇಟಿ, ಯುಬಿಡಿಟಿ ಕಾಲೇಜಿನ ಹುಡುಗರು ಪಟ್ಟಿ ಹಿಡಿದು ನಿಲ್ಲುತ್ತಿದ್ದರು. ‘ಅಕ್ಕಾ, ಎಯ್ಟಿ ನೈನ್ ಎಸ್ ಫಿಫ್ಟಿ ಟು ಐತಾ? ಎಲ್ ಟು ನೈನ್ ತ್ರೀ ಡಿ ಐತಾ?’ ಲೈನ್ ಹಿಡಿದು ಓಡುವ ರೋಬಾಟ್, ಮೊಬೈಲಿನಿಂದ ಪಂಪ್‌ಸೆಟ್ ಆನ್ ಮಾಡುವುದು, ಗ್ಯಾಸ್ ಸೋರಿದರೆ ಕೂಗುವ ಅಲಾರಂ. ವರ್ಷ ವರ್ಷವೂ ಅವೇ ಪ್ರಾಜೆಕ್ಟುಗಳು, ಹುಡುಗರು ಮಾತ್ರ ಹೊಸಬರು. ಆ ಮೂರು ತಿಂಗಳ ದುಡಿಮೆಯಲ್ಲಿ ಉಳಿದ ಒಂಬತ್ತು ತಿಂಗಳ ಬಾಡಿಗೆ ನಡೆಯುತ್ತಿತ್ತು.

ಈ ವ್ಯಾಪಾರದ ಗಣಿತವನ್ನು ಇಲ್ಲಿ ಹೇಳಿಬಿಡಬೇಕು. ಒಬ್ಬ ಹುಡುಗ ಬರುತ್ತಾನೆ. ಒನ್ ಕೆ ಹತ್ತು, ಟೆನ್ ಕೆ ಹತ್ತು, ಒನ್ ನಾಟ್ ಫೋರ್ ಐದು, ಬಿಸಿ 547 ನಾಲ್ಕು, 7805 ಒಂದು. ಐದು ಡ್ರಾಯರ್ ಎಳೆಯಬೇಕು, ಎಣಿಸಬೇಕು, ಸಣ್ಣ ಕವರಿಗೆ ಹಾಕಿ ಮೇಲೆ ಬರೆಯಬೇಕು. ಕಾಲು ಗಂಟೆ ಹೋಗುತ್ತದೆ. ಬಿಲ್ಲು ನಲವತ್ತೋ ಐವತ್ತೋ ರೂಪಾಯಿ, ಅದರಲ್ಲಿ ನಮಗೆ ಉಳಿಯುವುದು ಒಂದು ಕಾಫಿ ತಿಂಡಿಯ ದುಡ್ಡು. ಅದೇ ಒಂದು ಮೊಬೈಲ್ ಕವರ್ ಮಾರಿದರೆ ಒಂದೇ ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಒಂದು ಎಲ್‌ಒಟಿ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಹೋದರೆ ನೂರಿನ್ನೂರು ಕೈಗೆ ಸಿಗುತ್ತಿತ್ತು. ಡ್ರಾಯರಿನ ಚಿಲ್ಲರೆಯನ್ನು ಆ ಎಲ್‌ಒಟಿಗಳೇ ಸಾಕುತ್ತಿದ್ದವು. ತೆಳ್ಳನೆಯ ಟಿವಿ ಬಂದ ಮೇಲೆ ರಿಪೇರಿ ಎಂದರೆ ಬೋರ್ಡೇ ಬದಲು, ಪ್ಯಾನೆಲ್ ಹೋದರೆ ಟಿವಿಯೇ ಬದಲು. ಮೆಕ್ಯಾನಿಕ್‌ಗಳು ಕೆಲ ಕಾಲ ಸಿಎಫ್‌ಎಲ್ ಬಲ್ಬು ರಿಪೇರಿಯಲ್ಲಿ ಜೀವ ಹಿಡಿದರು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ ಎಲ್‌ಇಡಿ ಬಲ್ಬು ಅಗ್ಗವಾದ ಮೇಲೆ ಅದೂ ನಿಂತಿತು. ಕಾಲೇಜು ಹುಡುಗರ ಪಟ್ಟಿಯೂ ಕುಗ್ಗಿತು. ಆರ್ಡುಯಿನೊ ಬೋರ್ಡು, ಒಂದು ಸೆನ್ಸಾರು, ಒಂದು ಕಟ್ಟು ಜಂಪರ್ ವೈರ್, ಮುಗಿಯಿತು. ಇಪ್ಪತ್ತು ಸಾಲಿನ ಪಟ್ಟಿ ನಾಲ್ಕು ಸಾಲಿಗೆ ಬಂತು. ಆ ನಾಲ್ಕು ಸಾಲಿನ ರೇಟನ್ನೂ ಕೌಂಟರಿನ ಮುಂದೆಯೇ ನಿಂತು ಫೋನಿನಲ್ಲಿ ನೋಡುತ್ತಿದ್ದರು. ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ನೋಡುತ್ತಿದ್ದೆ.

ಭಾವ 2009ರಲ್ಲಿ ತೀರಿಕೊಂಡರು. 2013ರಲ್ಲಿ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋಯಿತು, ಮಾತು ತೊದಲಿತು, ಬುದ್ಧಿ ಚುರುಕಾಗಿಯೇ ಇತ್ತು. ಮೂರು ಅಂಗಡಿಯೂ ನನ್ನ ತಲೆಗೆ ಬಂತು. ದಾವಣಗೆರೆಯಲ್ಲಿ ನನ್ನ ಜೊತೆಗಿದ್ದದ್ದು ಭಾವ ಕೆಲಸಕ್ಕಿಟ್ಟುಕೊಂಡಿದ್ದ ಹುಡುಗ. ‘ಅಂಗಡಿ ಹುಡುಗ’ ಎಂದೇ ಕರೆಯುತ್ತಿದ್ದೆವು, ಆಗಲೇ ಅವನಿಗೆ ಐವತ್ತು ದಾಟಿತ್ತು. ಮುಂಗಟ್ಟಿಗೆ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್ ತಂದು ಹಾಕಿದೆವು. ಹಳೆಯ ಗಿರಾಕಿಗಳಿಗೆ ಅದು ಸರಿಬರಲಿಲ್ಲ. ‘ಇದೇನಕ್ಕಾ, ಮೊಬೈಲ್ ಅಂಗಡಿ ಮಾಡಿಬಿಟ್ರಿ’ ಎಂದು ಮುಖ ಸಿಂಡರಿಸಿ, ಎರಡು ರೂಪಾಯಿಯ ಡಯೋಡ್ ಒಯ್ಯುತ್ತಿದ್ದರು.

2015ರ ಫೆಬ್ರುವರಿಯಲ್ಲಿ ಭಾವನ ಮಗ ಅಮೆರಿಕದ ಡಲ್ಲಾಸಿನಿಂದ ಫೋನ್ ಮಾಡಿದ. ನಮ್ಮ ಡ್ರಾಯರುಗಳ ನಡುವೆಯೇ ಬೆಳೆದ ಹುಡುಗ. ‘ಚಿಕ್ಕಮ್ಮಾ, ಇಲ್ಲಿ ರೇಡಿಯೊಶ್ಯಾಕ್ ದಿವಾಳಿ ಅಂತೆ. ಮುಚ್ಚೋ ಸೇಲಿಗೆ ಬಂದಿದೀನಿ, ನೋಡಿ’ ಎಂದು ವಿಡಿಯೊದಲ್ಲಿ ತೋರಿಸಿದ. ಮುಂದೆಲ್ಲ ಮೊಬೈಲು, ಕವರು. ಹಿಂದಿನ ಗೋಡೆಗೆ ಬೂದು ಬಣ್ಣದ ಡ್ರಾಯರುಗಳು, ಅದರಲ್ಲಿ ರೆಸಿಸ್ಟರು, ಎಲ್‌ಇಡಿ. ‘ನಮ್ಮ ಅಂಗಡಿ ಇದ್ದಂಗೇ ಐತಲ್ಲೋ’ ಅಂದೆ. ಆಮೇಲೆ ಆ ಕಂಪನಿಯ ಕಥೆಯನ್ನು ಕುತೂಹಲಕ್ಕೆ ಓದಿಕೊಂಡೆ. 1921ರಲ್ಲಿ ಬಾಸ್ಟನ್ನಿನಲ್ಲಿ ಇಬ್ಬರು ಅಣ್ಣತಮ್ಮಂದಿರು ರೇಡಿಯೊ ಹವ್ಯಾಸಿಗಳಿಗೆಂದು ತೆರೆದದ್ದು. 1963ರಲ್ಲಿ ಮುಳುಗುವ ಸ್ಥಿತಿಯಲ್ಲಿದ್ದಾಗ ಟೆಕ್ಸಾಸಿನ ಚಾರ್ಲ್ಸ್ ಟ್ಯಾಂಡಿ ಕೊಂಡುಕೊಂಡ. ಅವನ ಮನೆತನದ್ದು ಚರ್ಮದ ಸಾಮಾನಿನ ವ್ಯಾಪಾರ. 1977ರಲ್ಲಿ ಮಾನಿಟರ್ ಸಮೇತ ಆರುನೂರು ಡಾಲರಿಗೆ ಟಿಆರ್‌ಎಸ್-80 ಎಂಬ ಕಂಪ್ಯೂಟರ್ ಮಾರಿದ ಕಂಪನಿ ಅದು. ದಿವಾಳಿಯಾಗುವಾಗ ನಾಲ್ಕು ಸಾವಿರ ಅಂಗಡಿಗಳಿದ್ದವು.

ಪತ್ರಿಕೆಗಳಲ್ಲಿ ಬರೆದವರೆಲ್ಲ ಒಂದೇ ತಪ್ಪು ಹುಡುಕಿದ್ದರು: ಬಿಡಿಭಾಗ ಬಿಟ್ಟು ಮೊಬೈಲ್ ಹಿಂದೆ ಬಿದ್ದರು, ಅದಕ್ಕೇ ಕೆಟ್ಟರು. ಕೌಂಟರಿನ ಈಚೆ ಕೂತ ನನಗೆ ಈ ಮಾತು ಒಪ್ಪಿಗೆಯಿಲ್ಲ. ರೆಸಿಸ್ಟರ್ ಮಾರಿ ಊರ ನಡುವಿನ ಬಾಡಿಗೆ ಕಟ್ಟಿದವರನ್ನು ನಾನು ಕಂಡಿಲ್ಲ. ಕವರ್ ಮಾರದೆ ಇದ್ದಿದ್ದರೆ ನಮ್ಮ ಡ್ರಾಯರುಗಳು ಇನ್ನೂ ಎರಡು ವರ್ಷ ಮೊದಲೇ ಗುಜರಿಗೆ ಹೋಗುತ್ತಿದ್ದವು. ನನ್ನ ಗಮನ ಹಿಡಿದದ್ದು ಬೇರೆ ಸಂಗತಿ. ದಿವಾಳಿಗೆ ಒಂದು ವರ್ಷ ಮೊದಲು, 2014ರ ಮಾರ್ಚಿನಲ್ಲಿ, ನಷ್ಟದ 1,100 ಅಂಗಡಿ ಮುಚ್ಚುತ್ತೇವೆ ಎಂದು ಆ ಕಂಪನಿ ಹೇಳಿತ್ತು. ಸಾಲ ಕೊಟ್ಟವರು ಒಪ್ಪಲಿಲ್ಲ. ಮುಚ್ಚಲಾಗದೆ ನಡೆಸಿಕೊಂಡೇ ಹೋದರು.

ನನಗೂ ಅದೇ ಆಗಿತ್ತು. ಚಿತ್ರದುರ್ಗದ್ದು ಸಣ್ಣ ಮಳಿಗೆ, ಅದನ್ನು ಮೊದಲು ಬಿಟ್ಟೆವು. ಶಿವಮೊಗ್ಗದ್ದು ಬಿಡಲು ಹೊರಟಾಗ ಬ್ಯಾಂಕು ಅಡ್ಡ ಬಂತು. ನಮ್ಮ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ನಿಂತಿದ್ದದ್ದು ಅಂಗಡಿಗಳ ದಾಸ್ತಾನಿನ ಮೇಲೆ. ಪ್ರತಿ ತಿಂಗಳೂ ಸ್ಟಾಕ್ ಎಷ್ಟಿದೆ ಎಂದು ಬರೆದು ಕೊಡಬೇಕು. ಆ ಕಾಗದದಲ್ಲಿ ಯಾರೂ ಕೊಳ್ಳದ ಎಲ್‌ಒಟಿ, ಟ್ಯೂಬ್ ಬೇಸ್, ಟ್ಯೂನರ್ ಎಲ್ಲಕ್ಕೂ ಖರೀದಿಯ ಬೆಲೆಯೇ ಇತ್ತು. ಅಂಗಡಿ ಮುಚ್ಚಿದರೆ ಸ್ಟಾಕ್ ಇಳಿಯುತ್ತದೆ, ಸ್ಟಾಕ್ ಇಳಿದರೆ ಸಾಲದ ಮಿತಿಯೂ ಇಳಿಯುತ್ತದೆ, ಹೆಚ್ಚಾದದ್ದನ್ನು ಕೂಡಲೇ ಕಟ್ಟಬೇಕು. ಕಟ್ಟಲು ಹಣವಿದ್ದಿದ್ದರೆ ಮುಚ್ಚುವ ಮಾತೇ ಬರುತ್ತಿರಲಿಲ್ಲ. ಮ್ಯಾನೇಜರ್ ಕೆಟ್ಟವರಲ್ಲ. ‘ಇನ್ನೊಂದು ವರ್ಷ ನಡೆಸಿ ಮೇಡಂ, ಸೀಸನ್ ಬರಲಿ’ ಅಂದರು. ನಡೆಸಿದೆ. ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಗಿರಾಕಿಗಳಿಗಿಂತ ಹೆಚ್ಚು ಸೊಳ್ಳೆಗಳಿರುವ ಅಂಗಡಿಯಲ್ಲಿ ಸಂಜೆ ತನಕ ಕೂರುವುದಕ್ಕೂ ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಕೊಡಬೇಕು. ಅದಕ್ಕೆ ಕೈಬಳೆ ಅಡವಿಟ್ಟೆ. ಚೀಟಿ ಹಾಕಿದ್ದೆ, ಅದನ್ನು ನಷ್ಟಕ್ಕೆ ಎತ್ತಿದೆ. ರಾತ್ರಿ ಮಲಗಿದರೆ ಹಣ ಕಟ್ಟಬೇಕಾದ ತಿಂಗಳ ಹತ್ತನೇ ತಾರೀಕು ಕಣ್ಣ ಮುಂದೆ ನಿಲ್ಲುತ್ತಿತ್ತು. ಬಿಪಿ ಮಾತ್ರೆ ಶುರುವಾದದ್ದು ಆಗಲೇ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಹೋಯಿತು. ನಮ್ಮದು ನೋಟಿನಲ್ಲೇ ನಡೆಯುವ ವ್ಯಾಪಾರ, ಉದ್ರಿ ಇದ್ದ ಹಲವರು ಮರುದಿನವೇ ಹಳೆಯ ನೋಟು ಹಿಡಿದು ಬಾಕಿ ತೀರಿಸಲು ಬಂದರು. ಅಷ್ಟು ಪ್ರಾಮಾಣಿಕ ಗಿರಾಕಿಗಳನ್ನು ಅದಕ್ಕೆ ಮೊದಲು ನೋಡಿರಲಿಲ್ಲ! 2017ರ ಜುಲೈನಲ್ಲಿ ಜಿಎಸ್‌ಟಿ. ಕಂಪ್ಯೂಟರಿಗೆ ಹಾಕಲು ಪ್ರತಿ ಸಾಮಾನಿಗೂ ಕೋಡ್ ಬೇಕೆಂದರು ನಮ್ಮ ಲೆಕ್ಕದವರು. ಕೆಪಾಸಿಟರ್ 8532, ರೆಸಿಸ್ಟರ್ 8533, ಟ್ರಾನ್ಸಿಸ್ಟರ್ ಡಯೋಡ್ 8541, ಐಸಿ 8542. ಸಾವಿರಾರು ಬಗೆಯ ಚಿಲ್ಲರೆ ಸಾಮಾನನ್ನು ನಾನೂ ಹುಡುಗನೂ ಕೂತು ಏರಿಸಿದೆವು. ಹೊಸದಾಗಿ ವ್ಯಾಪಾರ ಶುರು ಮಾಡುವವರ ಉತ್ಸಾಹದಲ್ಲೇ ಮಾಡಿದೆವು, ಅದೇ ಈಗ ನೆನೆದರೆ ನಗು ಬರುತ್ತದೆ. ಶಿವಮೊಗ್ಗದ ಅಂಗಡಿ ಬಿಡಲು ಆದದ್ದು 2018ರಲ್ಲಿ, ತವರಿನ ಕಡೆಯ ತೋಟದ ನನ್ನ ಪಾಲು ಅಣ್ಣನಿಗೆ ಬರೆದುಕೊಟ್ಟ ಮೇಲೆ. ಬ್ಯಾಂಕಿನ ಸಾಲ ಅರ್ಧಕ್ಕೆ ಇಳಿಯಿತು.

ದಾವಣಗೆರೆಯದನ್ನು ಉಳಿಸಿಕೊಳ್ಳಬಹುದು ಎಂದುಕೊಂಡಿದ್ದೆ. 2020ರ ಸೀಸನ್ನಿಗೆಂದು ಬೋರ್ಡು, ಸೆನ್ಸಾರು, ಮೋಟರು ತರಿಸಿ ಜೋಡಿಸಿಟ್ಟಿದ್ದೆವು. ಮಾರ್ಚ್ 25ರಿಂದ ಲಾಕ್‌ಡೌನ್. ಹುಡುಗರು ಊರು ಸೇರಿದರು, ಪ್ರಾಜೆಕ್ಟುಗಳು ಕಂಪ್ಯೂಟರ್ ಪರದೆಯ ಮೇಲೇ ಮುಗಿದವು. 2021ರಲ್ಲಿ ಮತ್ತೆ ಏಪ್ರಿಲ್ ಕೊನೆಗೇ ಬಾಗಿಲು ಹಾಕಿಸಿದರು. ಎರಡು ವರ್ಷ, ಎರಡೂ ಸಲ ಸೀಸನ್ನೇ ಹೋಯಿತು. ಕೊರೊನಾದ ಆ ಎರಡನೇ ಅಲೆಯಲ್ಲೇ ಯಜಮಾನರೂ ಹೋದರು. ಅದನ್ನು ಇಲ್ಲಿ ಬರೆಯಲಾರೆ.

2021ರ ಫೆಬ್ರುವರಿಯಲ್ಲೇ ಭಾವನ ಮಗ ಇನ್ನೊಂದು ಸುದ್ದಿ ಹೇಳಿದ್ದ. ಕ್ಯಾಲಿಫೋರ್ನಿಯಾದ ಫ್ರೈಸ್ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು, 1985ರಿಂದ ಇದ್ದದ್ದು, ರಾತ್ರೋರಾತ್ರಿ ಎಲ್ಲ ಊರುಗಳಲ್ಲೂ ಬಂದ್ ಆಯಿತಂತೆ. ಅದಕ್ಕೂ ಮೊದಲು ಎರಡು ವರ್ಷ ಖಾಲಿ ಕಪಾಟುಗಳ ನಡುವೆಯೇ ಬಾಗಿಲು ತೆರೆದಿದ್ದರಂತೆ. ‘ಪಾಪ’ ಅಂದ ಅವನು. ಒಂದೇ ರಾತ್ರಿಯಲ್ಲಿ ಮುಗಿಸಿದರಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಮುಚ್ಚುವ ನಿರ್ಧಾರ ಮಾಡಿದ ಮೇಲೆ ಒಂದು ವಿಚಿತ್ರ ನಡೆಯಿತು. 2021ರಲ್ಲಿ ಜಗತ್ತಿನಲ್ಲೆಲ್ಲ ಚಿಪ್ ಬರ. ಎಸ್.ಪಿ. ರೋಡಿನ ವ್ಯಾಪಾರಿಯೊಬ್ಬರು ತಾವಾಗೇ ಫೋನ್ ಮಾಡಿ, ‘ಅಮ್ಮಾ, ಹಳೇ ಮೈಕ್ರೋಕಂಟ್ರೋಲರ್ ಏನಾದ್ರೂ ಉಳಿದಿದಾವಾ?’ ಎಂದು ಕೇಳಿದರು. ಭಾವನ ಕಾಲದಿಂದ ಅವರಿಂದ ಕೊಂಡವರು ನಾವು, ಈಗ ಅವರು ನಮ್ಮಿಂದ ಕೊಳ್ಳುವುದು! ಮಾರಾಟವಾಗದೆ ಬಿದ್ದಿದ್ದ ಕೊಳವೆ ಕೊಳವೆ ಐಸಿ ಕಳಿಸಿದೆ. ಕೊಂಡ ಬೆಲೆಯ ಹಲವು ಪಟ್ಟು ಬಂತು. ಅಡವಿಟ್ಟ ಬಳೆ ಬಿಡಿಸಿಕೊಂಡೆ, ಹುಡುಗನ ಬಾಕಿ ಸಂಬಳ ಕೊಟ್ಟೆ. ಉಳಿದ ಸ್ಟಾಕಿಗೆ ಆ ಅದೃಷ್ಟ ಇರಲಿಲ್ಲ. ಎಲ್‌ಒಟಿ, ಟ್ರಾನ್ಸ್‌ಫಾರ್ಮರು ತಾಮ್ರದ ತೂಕಕ್ಕೆ ಹೋದವು. ರೆಸಿಸ್ಟರುಗಳನ್ನು ಗುಜರಿಯವನೂ ಬೇಡವೆಂದ. ಐಟಿಐ ಕಲಿತ ಹರಿಹರದ ಹುಡುಗನೊಬ್ಬ ಅವನ್ನು ಡ್ರಾಯರುಗಳ ಸಮೇತ ಕಂತಿನ ಮೇಲೆ ಒಯ್ದ. ತಾಲ್ಲೂಕಿನಲ್ಲಿ ಎಲ್‌ಇಡಿ ಬಲ್ಬು, ಸ್ಪ್ರೇಯರ್ ಚಾರ್ಜರ್ ರಿಪೇರಿ ಮಾಡುತ್ತಾನೆ. ನಮ್ಮ ಅಂಗಡಿ ಹುಡುಗ ಅವನ ಬಳಿಯೇ ಕೆಲಸಕ್ಕೆ ಹೋದ.

ಶಟರ್ ಇಳಿದರೂ ಮುಚ್ಚುವ ಕೆಲಸ ಮುಗಿಯಲಿಲ್ಲ. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಬೇಕಾದರೆ ಉಳಿದ ದಾಸ್ತಾನಿನ ಮೇಲೆ ಹಿಂದೆ ಪಡೆದ ತೆರಿಗೆ ಜಮೆಯನ್ನು ವಾಪಸ್ ಕಟ್ಟಬೇಕು, ಆಮೇಲೆ ಕೊನೆಯ ರಿಟರ್ನ್ ಹಾಕಬೇಕು. ಗುಜರಿಗೂ ಬೇಡವಾದ ಸಾಮಾನಿಗೆ ತೆರಿಗೆ ಕಟ್ಟಿದೆ. ಮಳಿಗೆಯ ಮಾಲೀಕರು ಅಡ್ವಾನ್ಸಿನಲ್ಲಿ ಸುಣ್ಣಬಣ್ಣದ ಖರ್ಚು ಹಿಡಿದುಕೊಂಡು ಉಳಿದದ್ದು ಕೊಟ್ಟರು. ಬ್ಯಾಂಕಿನವರು ಸಾಲ ತೀರಿದ ಪತ್ರ ಕೊಟ್ಟದ್ದು 2023ರಲ್ಲಿ.

ಈಗ ಬಾಕಿ ಇರುವುದು ಉದ್ರಿ ಪುಸ್ತಕ ಒಂದೇ. ಹೋದ ದೀಪಾವಳಿಯಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರು, ಈಗ ಆಟೊ ಓಡಿಸುತ್ತಾರೆ, ಮನೆ ಹುಡುಕಿಕೊಂಡು ಬಂದು ಬಾಕಿ ಕೊಟ್ಟು ಹೋದರು. ಮೊತ್ತ ನನಗಿಂತ ಚೆನ್ನಾಗಿ ಅವರಿಗೇ ನೆನಪಿತ್ತು. ಇನ್ನೂ ಹದಿನೈದಿಪ್ಪತ್ತು ಹೆಸರುಗಳಿವೆ. ಇಬ್ಬರು ಈಗ ಬೆಂಗಳೂರಿನಲ್ಲಿ ದೊಡ್ಡ ಕಂಪನಿಯಲ್ಲಿದ್ದಾರೆ, ಒಬ್ಬರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಹೆಸರು ಬರೆಯುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.