ಬಾಣಂತನಕ್ಕೂ ವೀಸಾ ಬೇಕಾದಾಗ

ನಮ್ಮ ಕಡೆ ಮಗಳ ಚೊಚ್ಚಲ ಬಾಣಂತನ ಅಂದ್ರೆ ತೌರುಮನೆ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ಮಕ್ಕಳು ಪರದೇಶದಲ್ಲಿರೋದ್ರಿಂದ ಮಗಳು ತೌರಿಗೆ ಬರೋ ಬದಲು ತೌರೇ ವಿಮಾನ ಹತ್ತಿ ಹೋಗುತ್ತೆ. ನಮ್ಮ ಬಸವನಗುಡಿಯ ಬೀದಿಯಲ್ಲೇ ಹೀಗೆ ಆರಾರು ತಿಂಗಳು ಹೋಗಿ ಬಂದೋರು ಎಷ್ಟು ಜನ ಇದ್ದೀವಿ! ಗಾಂಧಿ ಬಜಾರಲ್ಲಿ ಯಾರಾದ್ರೂ ಅಂಟು, ಒಣಕೊಬ್ಬರಿ, ಉತ್ತುತ್ತೆ ಒಟ್ಟಿಗೆ ತೊಗೊಳ್ತಿದ್ರೆ "ಯಾವ ದೇಶಕ್ರೀ?" ಅಂತ ಕೇಳೋ ಹಾಗಾಗಿದೆ.

ನಮ್ಮ ಮಗಳಿರೋದು ಮೆಲ್ಬರ್ನಲ್ಲಿ. 2020ರ ಆಗಸ್ಟಿಗೆ ದಿನ ತುಂಬುತ್ತೆ ಅಂದಿದ್ರು. ಜುಲೈಗೆ ಟಿಕೆಟ್ಟು, ಕೈಯಲ್ಲಿ ವೀಸಾ, ಹಳೇ ಪಂಚೆ ಹರಿದು ಒಗೆದಿಟ್ಟ ಮೆತ್ತನೆ ಬಟ್ಟೆ, ಎಲ್ಲಾ ಸಿದ್ಧ ಇತ್ತು.

ಮಾರ್ಚಿನಲ್ಲಿ ಒಂದೊಂದೇ ಬಾಗಿಲು ಮುಚ್ಕೊಂಡು ಬಂತು. ಮಾರ್ಚ್ 13ರಿಂದ ನಮ್ಮ ದೇಶ ಹೊರಗಿನೋರ ವೀಸಾ ತಡೆಹಿಡೀತು. ಓಸಿಐ ಕಾರ್ಡ್ ಇದ್ದ ನಮ್ಮೋರಿಗೂ ವೀಸಾ ಇಲ್ಲದೆ ಬರೋ ಸೌಲಭ್ಯ ನಿಂತು ಹೋಯ್ತು. ಮಾರ್ಚ್ 20ರ ರಾತ್ರಿ ಆಸ್ಟ್ರೇಲಿಯಾ ಬಾಗಿಲು ಹಾಕ್ತು. 22ಕ್ಕೆ ಇಲ್ಲಿಗೆ ಬರೋ ಅಂತಾರಾಷ್ಟ್ರೀಯ ವಿಮಾನಗಳು ನಿಂತವು. 25ಕ್ಕೆ ಯುಗಾದಿ, ಅವತ್ತೇ ಲಾಕ್‌ಡೌನ್. ಬೇವು ಬೆಲ್ಲ ತಿಂದು ವರ್ಷ ಶುರು ಮಾಡಿದ್ವಿ, ಆ ವರ್ಷ ಬೇವೇ ಜಾಸ್ತಿ ಆಯ್ತು ಅನ್ನಿ.

ಅಷ್ಟರಲ್ಲಿ ಬಂದು ಸೇರ್ಕೊಂಡವರ ಪಾಡು ಬೇರೆ. ನಮ್ಮ ಎದುರುಮನೆಯವರ ಮಗ ಅಮೆರಿಕದಿಂದ ಬಂದ. ಕೈ ಮೇಲೆ ಮುದ್ರೆ, ಬಾಗಿಲ ಮೇಲೆ ಕಾಗದ, ಹದಿನಾಲ್ಕು ದಿನ ಮಹಡಿ ಕೋಣೆ. ಸರ್ಕಾರದ ಕ್ವಾರಂಟೈನ್ ವಾಚ್ ಅನ್ನೋ ಆ್ಯಪಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸ್ಬೇಕಿತ್ತು. ಅವನಮ್ಮ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕೂಗಿ ಕೆಳಗಿಳಿಯೋಳು. ಬೀದಿಯಲ್ಲಿ ಕೆಲವರು ಆ ಮನೆ ಮುಂದೆ ನಡೆಯೋದನ್ನೂ ಬಿಟ್ರು. ನಾವು ಕಾಂಪೌಂಡ್ ಮೇಲೆ ಒಂದು ಡಬ್ಬಿ ಸಾರು ಇಟ್ಟು ಬರ್ತಿದ್ವಿ. ಆಮೇಲೆ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನ ಹತ್ತಿ ಬಂದೋರು ಮೊದಲು ಹೋಟೆಲಿನಲ್ಲಿ ಇರಬೇಕಾಯ್ತು. ಮೊದಲು ಅಲ್ಲೇ ಹದಿನಾಲ್ಕು ದಿನ, ಆಮೇಲೆ ಏಳು ದಿನ ಸ್ವಂತ ಖರ್ಚಲ್ಲಿ ಅಲ್ಲಿ, ಏಳು ದಿನ ಮನೇಲಿ.

ಕಾಯಿಲೆಗೆ ಹೆದರಿ ಬಾಗಿಲು ಹಾಕೋದು ನಮ್ಮೂರಿಗೆ ಹೊಸದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು, ಉಳಿದೋರು ಮನೆ ಬಿಟ್ಟು ಬಯಲಿಗೆ ಹೋದ್ರು. ಅದಾದ ಮೇಲೇ ನಮ್ಮ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡಿದ್ದು. ಈ ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದುಗಡೆ ಓಣಿ, ಎಲ್ಲಾ ಗಾಳಿ ಬೆಳಕು ಬರಲಿ ಅಂತ ಮಾಡಿದ್ದು. ಹಾಗಾಗಿ ನಿಯಮ ಯಾಕೆ ಬೇಕು ಅಂತ ನಾನು ಕೇಳೋಳಲ್ಲ. ನನಗೆ ಚುಚ್ಚಿದ್ದು ಬೇರೆ.

ಆಸ್ಟ್ರೇಲಿಯಾದ ನಿಯಮದಲ್ಲಿ ಅಲ್ಲಿನ ಪ್ರಜೆಗಳು, ಕಾಯಂ ವಾಸದೋರು, ಅವರ ಹತ್ತಿರದ ಕುಟುಂಬ, ಇಷ್ಟು ಜನ ಒಳಗೆ ಬರಬಹುದು ಅಂತಿತ್ತು. ಅಳಿಯ ಓದಿ ಹೇಳಿದ. ಹತ್ತಿರದ ಕುಟುಂಬ ಅಂದ್ರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು. ದೊಡ್ಡವರಾದ ಮಕ್ಕಳ ಅಪ್ಪ ಅಮ್ಮ ಆ ಪಟ್ಟೀಲಿಲ್ಲ! ಇನ್ನೊಂದು ಸಲ ಓದಪ್ಪ ಅಂದೆ. ಹೆತ್ತೋಳು ಹತ್ತಿರದವಳಲ್ಲದಿದ್ರೆ ಇನ್ಯಾರು ಅಂತ ಅಡುಗೆಮನೇಲಿ ಒಬ್ಬಳೇ ಕೂತು ಯೋಚನೆ ಮಾಡಿದೀನಿ.

ಬಾಣಂತಿ ಕೋಣೆಯೂ ಒಂಥರಾ ಕ್ವಾರಂಟೈನೇ ಅಲ್ವಾ? ಹತ್ತು ದಿನ ಪುರುಡು, ಹೊರಗಿನೋರು ಮಗು ಮುಟ್ಟೋ ಹಾಗಿಲ್ಲ, ತಣ್ಣನೆ ಗಾಳಿಗೆ ಬರೋ ಹಾಗಿಲ್ಲ. ಕಟ್ಟುಪಾಡು ನಮ್ಮಲ್ಲೂ ಇತ್ತು. ಆದ್ರೆ ಆ ಮುಚ್ಚಿದ ಬಾಗಿಲ ಒಳಗಡೆ ಅಮ್ಮ ಇರ್ತಿದ್ಲು.

ಆಗಸ್ಟಲ್ಲಿ ಮೊಮ್ಮಗ ಹುಟ್ಟಿದ. ಆಗ ಮೆಲ್ಬರ್ನಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಐದರ ತನಕ ಕರ್ಫ್ಯೂ, ಮನೆಯಿಂದ ಐದು ಕಿಲೋಮೀಟರ್ ದಾಟೋ ಹಾಗಿಲ್ಲ. ಪಕ್ಕದೂರಿನ ಗೆಳತಿಯೂ ಬರೋ ಹಾಗಿಲ್ಲ. ನಾನು ಬೆಳಗಿನ ಜಾವ ಎದ್ದು ವಾಟ್ಸಾಪಲ್ಲಿ ಕೂತ್ಕೊಳ್ತಿದ್ದೆ. ಮಗೂಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕ್ಕೊಂಡು ಹೇಗೆ ಎರೆಯೋದು ಅಂತ ಒಂದು ತಲೆದಿಂಬು ಕಾಲ ಮೇಲಿಟ್ಕೊಂಡು ತೋರಿಸಿದೆ. ಅಳಿಯ ಕಲಿತ! ಮೆಣಸಿನ ಸಾರು, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿಯೋದು, ಎಲ್ಲಾ ಅವನೇ ಮಾಡ್ದ. ನೀರು ಎಷ್ಟು ಬಿಸಿ ಇರಬೇಕು ಅನ್ನೋದನ್ನ ಮಾತ್ರ ಫೋನಲ್ಲಿ ಹೇಳಕ್ಕಾಗಲ್ಲ ಕಣ್ರೀ. ಅದಕ್ಕೆ ಕೈ ಅದ್ದಿ ನೋಡ್ಬೇಕು.

2021ರ ಏಪ್ರಿಲ್-ಮೇನಲ್ಲಿ ಇಲ್ಲಿ ಎರಡನೇ ಅಲೆ. ನಮ್ಮೆಜಮಾನ್ರಿಗೆ ಜ್ವರ, ಆಮೇಲೆ ನನಗೆ. ಮಗಳು ಬಂದೇ ಬಿಡ್ತೀನಿ ಅಂತ ಅತ್ಲು. ಅವಳು ಹೊರಡೋದಕ್ಕೂ ಅಲ್ಲಿ ಅನುಮತಿ ಬೇಕಿತ್ತು. ಸಾಲದ್ದಕ್ಕೆ ಮೇ 3ರಿಂದ 15ರ ತನಕ ಭಾರತದಲ್ಲಿದ್ದು ತಮ್ಮ ದೇಶಕ್ಕೆ ವಾಪಸ್ ಬರೋ ಸ್ವಂತ ಪ್ರಜೆಗಳಿಗೂ ದಂಡ, ಐದು ವರ್ಷದ ತನಕ ಜೈಲು ಅಂತ ಆ ಸರ್ಕಾರ ಹೇಳ್ತು. "ಹಾಲು ಕುಡಿಯೋ ಮಗು ಬಿಟ್ಟು ಬರಬೇಡ, ನಾವು ನೋಡ್ಕೋತೀವಿ" ಅಂತ ಫೋನಿಟ್ಟೆ. ಫೋನಿಟ್ಟ ಮೇಲೆ ಕೈ ನಡುಗ್ತಿತ್ತು. ದೇವರ ದಯೆ, ಇಬ್ಬರೂ ಎದ್ದು ಕೂತ್ವಿ.

ಕೊನೆಗೆ 2021ರ ಅಕ್ಟೋಬರಲ್ಲಿ ಸುದ್ದಿ ಬಂತು. ನವೆಂಬರ್ 1ರಿಂದ ಅಪ್ಪ ಅಮ್ಮನೂ ಹತ್ತಿರದ ಕುಟುಂಬವೇ! ಒಂದು ಕಾಗದದಲ್ಲಿ ದೂರ ಆದೋರು ಇನ್ನೊಂದು ಕಾಗದದಲ್ಲಿ ಹತ್ತಿರ ಆದ್ವಿ. ಆದ್ರೆ ಲಸಿಕೆ ಯಾವುದು ಅನ್ನೋ ತಕರಾರು ಇತ್ತು. ನಂದು ಕೋವಿಶೀಲ್ಡ್, ಅದಕ್ಕೆ ಅಕ್ಟೋಬರಲ್ಲೇ ಒಪ್ಪಿಗೆ ಸಿಕ್ಕಿತ್ತು. ಇವರದು ಕೋವ್ಯಾಕ್ಸಿನ್. ಒಂದು ತಿಂಗಳು "ನೀನು ಹೋಗ್ಬಾ, ನಾನು ಮನೆ ಕಾಯ್ತೀನಿ" ಅಂತಿದ್ರು. ನವೆಂಬರ್ 1ಕ್ಕೆ ಅದನ್ನೂ ಒಪ್ಪಿದ್ರು.

ಆಮೇಲೆ ಕಾಗದಪತ್ರದ ಪಾಡು. ಮಗಳು ನಮ್ಮ ಮಗಳೇ ಅಂತ ತೋರಿಸೋಕೆ ಅವಳ ಜನನ ಪತ್ರ ಬೇಕು. ತೆಗೆದು ನೋಡಿದ್ರೆ ಅದರಲ್ಲಿ ಅಪ್ಪ ಅಮ್ಮನ ಹೆಸರಿದೆ, "ಹೆಣ್ಣು" ಅಂತಿದೆ, ಅವಳ ಹೆಸರೇ ಇಲ್ಲ! ನಾಮಕರಣಕ್ಕೆ ಮುಂಚೇನೇ ಬರೆಸೋ ಕಾಲ ಅದು. ಹೆಸರು ಸೇರಿಸೋಕೆ ಇವರು ಕಚೇರಿಗೆ ನಾಲ್ಕು ಸಲ ಅಲೆದ್ರು. ನನ್ನ ಪಾಸ್‌ಪೋರ್ಟಲ್ಲಿ ಯಜಮಾನರ ಹೆಸರು ಪೂರ್ತಿ, ಆಧಾರಲ್ಲಿ ಬರೀ ಇನಿಶಿಯಲ್ಲು, ಲಸಿಕೆ ಪತ್ರದಲ್ಲೂ ಇನಿಶಿಯಲ್ಲು. ಕೋವಿನ್‌ನಲ್ಲಿ ಹೆಸರು ತಿದ್ದಿ ಪಾಸ್‌ಪೋರ್ಟ್ ನಂಬರು ಸೇರಿಸಿ ಕೊಟ್ಟಿದ್ದು ಎದುರುಮನೆ ಹುಡುಗ, ಅದೇ ಮಹಡಿ ಮೇಲಿದ್ದೋನು.

2022ರ ಜನವರಿ ಕೊನೇಲಿ ದೆಹಲಿ ಮೇಲೆ ಹೋದ್ವಿ. ಹೊರಡೋ ಮುಂಚೆ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಕಾಯೋದು, ಪರೀಕ್ಷೆ ಫಲಿತಾಂಶಕ್ಕಿಂತ ಹೆಚ್ಚಿನ ಭಯ. ಮೊಮ್ಮಗನಿಗೆ ಆಗ ಹದಿನೇಳು ತಿಂಗಳು. ನನ್ನ ನೋಡಿ ಅವರಮ್ಮನ ಹಿಂದೆ ಬಚ್ಚಿಟ್ಕೊಂಡ. ಅಜ್ಜಿ ಎಲ್ಲಿ ಅಂದ್ರೆ ಫೋನ್ ತೋರಿಸಿದ. ಮೂರು ದಿನ ಹತ್ತಿರ ಬರಲಿಲ್ಲ, ನಾಲ್ಕನೇ ದಿನ ರಾಗಿ ಮಣ್ಣಿ ಕಾಸಿದಾಗ ತಾನೇ ಬಂದು ಕಾಲ ಮೇಲೆ ಕೂತ.

ಮಗಳಿಗೆ ಒಂದು ಭಾನುವಾರ ಕೂರಿಸಿ ಬೆನ್ನಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದೆ. "ಅಮ್ಮಾ, ಮಗ ಓಡಾಡ್ತಿದ್ದಾನೆ, ಈಗ್ಯಾಕೆ ಬಾಣಂತನ?" ಅಂತ ನಕ್ಕಳು. ಆಮೇಲೆ ನಗಲಿಲ್ಲ, ಸುಮ್ನೆ ಕೂತಿದ್ಲು. ತಲೆ ಒರೆಸ್ವಾಗ ಅವಳ ಕೂದಲು ಎಷ್ಟು ಉದುರಿದೆ ಅಂತ ಗೊತ್ತಾಯ್ತು. ಒಂದೂವರೆ ವರ್ಷ ದಿನಾ ನೋಡಿದ್ರೂ ಅದು ಫೋನಲ್ಲಿ ಕಂಡಿರಲಿಲ್ಲ.

ಏಪ್ರಿಲಲ್ಲಿ ವಾಪಸ್ ಬರೋವಾಗ ಏರ್ ಸುವಿಧಾ ಅಂತ ನಮ್ಮ ಸರ್ಕಾರದ ಅರ್ಜಿ ತುಂಬಿದ್ವಿ. ಅದೂ 2022ರ ನವೆಂಬರಲ್ಲಿ ನಿಂತು ಹೋಯ್ತು. ಈಗ ಎಲ್ಲಾ ಮೊದಲಿನ ಹಾಗೇ ಅನ್ನಿಸುತ್ತೆ.

ಆದ್ರೂ ಮಕ್ಕಳು ಹೊರಗಿರೋ ಅಕ್ಕತಂಗಿಯರಿಗೆ ಹೇಳ್ತೀನಿ, ಪುರುಸೊತ್ತಾದಾಗ ಬೀರು ತೆಗೆದು ಮಕ್ಕಳ ಜನನ ಪತ್ರದಲ್ಲಿ ಹೆಸರಿದೆಯಾ ನೋಡಿ. ಆಧಾರ್, ಪಾಸ್‌ಪೋರ್ಟ್ ಎರಡರಲ್ಲೂ ಹೆಸರು ಒಂದೇ ಥರ ಇರಲಿ. ಮದುವೆ ಪತ್ರ, ಲಸಿಕೆ ಪತ್ರ ಒಂದೊಂದು ಪ್ರಿಂಟು ಇಟ್ಕೊಳ್ಳಿ. ತಾಯಿ ಅಂತ ತೋರಿಸೋಕೂ ಕಾಗದ ಕೇಳೋ ದಿನ ಬಂದಿತ್ತು, ಇನ್ನೊಂದು ಸಲ ಬರಬಾರದು ಅಂತೇನಿಲ್ಲ. ಅಳಿಯಂದಿರಿಗೆ ಮೆಣಸಿನ ಸಾರು ಕಲಿಸಿಡೋದೂ ಒಳ್ಳೇದೇ.